ಸ್ಪೇನ್‌ನಲ್ಲಿ ನಿವೃತ್ತಿ ಮನೆ: ಮುಂಗಡಕ್ಕೆ ಮುಂಚೆ ನೀರಿನ ದಾರಿ ನೋಡಿ

ಪ್ರಶ್ನೆ: ನಾವು ದಾವಣಗೆರೆ ಕಡೆಯವರು. 30 ವರ್ಷದಿಂದ ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದೇವೆ, ಇಬ್ಬರದೂ ಬ್ರಿಟಿಷ್ ಪಾಸ್‌ಪೋರ್ಟ್. ಮುಂದಿನ ವರ್ಷ ನಿವೃತ್ತಿ. ಇಲ್ಲಿನ ಚಳಿಗೆ ನನ್ನ ಹೆಂಡತಿಯ ಮಂಡಿನೋವು ಜಾಸ್ತಿಯಾಗಿದೆ. ಸ್ಪೇನ್‌ನ ಅಲಿಕಾಂಟೆ ಪ್ರಾಂತ್ಯದಲ್ಲಿ, ಸೆಗುರಾ ನದಿ ಬಯಲಿನ ಒಂದು ಊರಲ್ಲಿ ನೆಲಮಹಡಿಯ ಮನೆ ನೋಡಿದ್ದೇವೆ. ಬೆಲೆ 1,60,000 ಯೂರೋ. ಮೆಟ್ಟಿಲಿಲ್ಲ, ಮುಂದೆ ಪುಟ್ಟ ಅಂಗಳ, ಒಂದು ನಿಂಬೆ ಗಿಡ. ಆದರೆ 2024ರಲ್ಲಿ ವೆಲೆನ್ಸಿಯಾದಲ್ಲಿ ಬಂದ ಪ್ರವಾಹವನ್ನು ಟಿವಿಯಲ್ಲಿ ನೋಡಿದ್ದು ಮರೆತಿಲ್ಲ. ಏಜೆಂಟ್ ಮಾತ್ರ ‘ಇಲ್ಲಿಗೆ ನೀರು ಬರಲ್ಲ, ವಕೀಲರನ್ನೂ ನಾವೇ ಕೊಡ್ತೀವಿ, ಎರಡು ವಾರದಲ್ಲಿ ಶೇ. 10 ಮುಂಗಡ ಕೊಡಿ’ ಅನ್ನುತ್ತಿದ್ದಾರೆ. ಪ್ರವಾಹದ ಅಪಾಯ ತಿಳಿಯೋದು ಹೇಗೆ? ನಾವು ಬೇರೆ ವಕೀಲರನ್ನು ಹಿಡಿಯಬೇಕಾ?

ಉತ್ತರ: ಎರಡನೇ ಪ್ರಶ್ನೆಗೆ ಮೊದಲು ಹೇಳಿಬಿಡುತ್ತೇನೆ. ಹೌದು, ಬೇರೆ ವಕೀಲರೇ ಬೇಕು. ಏಜೆಂಟ್‌ಗೆ ಕಮಿಷನ್ ಸಿಗೋದು ವ್ಯಾಪಾರ ಕುದುರಿದರೆ. ಅವರು ಕರೆತಂದ ವಕೀಲರಿಗೆ ಮುಂದಿನ ಕೇಸು ಬರೋದೂ ಅದೇ ಏಜೆಂಟ್‌ನಿಂದ. ಅವರು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಆದರೆ ‘ಈ ಮನೆ ಬೇಡ’ ಅನ್ನುವ ಮಾತು ಅವರ ಬಾಯಿಂದ ಸುಲಭಕ್ಕೆ ಬರಲ್ಲ. ನೀವು ದುಡ್ಡು ಕೊಡೋದು ಆ ಒಂದು ಮಾತು ಹೇಳಬಲ್ಲವರಿಗೆ.

ಈಗ ನೀರಿನ ವಿಷಯ. ಇಂಗ್ಲೆಂಡಿನಲ್ಲಿ ಮನೆ ಕೊಂಡಾಗ ನಿಮ್ಮ ಸಾಲಿಸಿಟರ್ ಒಂದಷ್ಟು ‘ಸರ್ಚ್’ ತರಿಸಿದ್ದು ನೆನಪಿರಬೇಕು. ಅದರಲ್ಲಿ ಪ್ರವಾಹದ ವರದಿಯೂ ಸಾಮಾನ್ಯವಾಗಿ ಬಂದುಬಿಡುತ್ತದೆ. ಸ್ಪೇನ್‌ನಲ್ಲಿ ಆ ರೂಢಿ ಇಲ್ಲ. ಏಜೆಂಟ್ ಕೆಲಸ ಮನೆ ತೋರಿಸೋದು. ರಿಜಿಸ್ಟ್ರಿ ಕೆಲಸ ಮಾಲೀಕರು ಯಾರು, ಸಾಲ ಎಷ್ಟು ಅಂತ ಹೇಳೋದು. ನೋಟರಿ ಕೆಲಸ ಪತ್ರ ಮಾಡೋದು. ನೋಟರಿ ಅಂದ ಕೂಡಲೇ ನಮ್ಮ ಕೋರ್ಟ್ ಮುಂದೆ ಮರದಡಿ ಕೂತು ಸೀಲು ಹೊಡೆಯುವವರನ್ನು ನೆನೆಸಿಕೊಳ್ಳಬೇಡಿ. ಅಲ್ಲಿ ಅವರು ದೊಡ್ಡ ಅಧಿಕಾರಿ, ಅವರ ಮುಂದೆ ಸಹಿ ಆಗದೆ ರಿಜಿಸ್ಟ್ರೇಷನ್ ಇಲ್ಲ. ಆದರೂ ಅವರು ಯಾರ ಪಕ್ಷವೂ ಅಲ್ಲ, ಮನೆ ಹತ್ತಿರ ಹೋಗಿ ನೋಡುವವರೂ ಅಲ್ಲ. ಅಂದರೆ ನೀರಿನ ಪ್ರಶ್ನೆ ತಾನಾಗಿ ಯಾರ ಮೇಜಿಗೂ ಬರಲ್ಲ. ಅದನ್ನು ನೀವೇ ಬರವಣಿಗೆಯಲ್ಲಿ ಕೇಳಿ, ಒಬ್ಬರ ಜವಾಬ್ದಾರಿಗೆ ಒಪ್ಪಿಸಬೇಕು. ಅದೂ ಮುಂಗಡ ಕೊಡುವ ಮೊದಲು.

‘ಇಲ್ಲಿಗೆ ನೀರು ಬರಲ್ಲ’ ಅನ್ನುವ ಮಾತನ್ನು ಯಾಕೆ ನಂಬಬಾರದು ಅನ್ನುವುದಕ್ಕೆ 2024ರ ಅಕ್ಟೋಬರ್ 29 ಸಾಕು. ವೆಲೆನ್ಸಿಯಾ ನಗರದ ಪಕ್ಕದ ಪಾಯ್‌ಪೋರ್ಟಾ ಊರಲ್ಲಿ ಅವತ್ತು ಹೇಳಿಕೊಳ್ಳುವಂಥ ಮಳೆಯೇ ಬಿದ್ದಿರಲಿಲ್ಲ. ಮಳೆ ಸುರಿದದ್ದು ಒಳನಾಡಿನ ಗುಡ್ಡಗಳಲ್ಲಿ. ತುರಿಸ್ ಎಂಬಲ್ಲಿ 24 ಗಂಟೆಯಲ್ಲಿ 770 ಮಿಲಿಮೀಟರ್ ದಾಟಿತು. ಆ ನೀರೆಲ್ಲ ಪೊಯೊ ಎಂಬ ಒಣ ಹಳ್ಳಕ್ಕೆ ಇಳಿಯಿತು. ಸಂಜೆ 6.55ಕ್ಕೆ ಹಳ್ಳದ ಅಳತೆ ಯಂತ್ರ ಸೆಕೆಂಡಿಗೆ 2,282 ಘನ ಮೀಟರ್ ತೋರಿಸಿತು. ಆಮೇಲೆ ಯಂತ್ರವೇ ಕೊಚ್ಚಿಹೋಯಿತು. ಜನರ ಮೊಬೈಲ್‌ಗೆ ಎಚ್ಚರಿಕೆ ಬಂದದ್ದು ರಾತ್ರಿ 8.11ಕ್ಕೆ. ಅಷ್ಟರಲ್ಲಿ ಬೀದಿಗಳಲ್ಲಿ ಕಾರುಗಳು ತೇಲುತ್ತಿದ್ದವು. ಸತ್ತವರು 220ಕ್ಕೂ ಹೆಚ್ಚು. ಅವರಲ್ಲಿ ತುಂಬಾ ಜನ ವಯಸ್ಸಾದವರು. ನೆಲಮಹಡಿಯಲ್ಲಿ, ನೆಲಮಾಳಿಗೆಯ ಗ್ಯಾರೇಜಿನಲ್ಲಿ ಸಿಕ್ಕಿಕೊಂಡವರೂ ಬಹಳ.

ಅಲ್ಲಿ ‘ರಾಂಬ್ಲಾ’, ‘ಬರಾಂಕೊ’ ಅನ್ನುವುದು ನಮ್ಮ ಬಯಲುಸೀಮೆಯ ಹಳ್ಳದ ಥರ. ವರ್ಷದ ಬಹುಪಾಲು ದಿನ ಒಣಗಿರುತ್ತದೆ, ಜನ ಅದರಲ್ಲಿ ಕಾರು ನಿಲ್ಲಿಸುತ್ತಾರೆ. ಹೊರಗಿನಿಂದ ಬಂದವರ ಕಣ್ಣಿಗೆ ಅದು ಖಾಲಿ ಜಾಗ. ಮನೆಯ ಬೀದಿ ಹೆಸರಲ್ಲಿ ಈ ಎರಡು ಪದ ಇದೆಯಾ ನೋಡಿ. ಬೆಂಗಳೂರಿನ ಕೋಡಿಹಳ್ಳಿಯ ಹೆಸರಲ್ಲಿ ಕೆರೆಯ ಕೋಡಿ ಉಳಿದುಕೊಂಡಿದೆ ಅಲ್ವಾ, ಹಾಗೇ ಅಲ್ಲಿಯೂ ಹಳೆಯ ಹೆಸರುಗಳಿಗೆ ನೀರಿನ ನೆನಪು ಇರುತ್ತದೆ.

ನೀವು ನೋಡಿರುವ ಸೆಗುರಾ ಬಯಲಿನ ಕಥೆ ಸ್ವಲ್ಪ ಬೇರೆ. ಅದಕ್ಕೆ ವೆಗಾ ಬಾಹಾ ಅನ್ನುತ್ತಾರೆ. ಚಪ್ಪಟೆ ನೆಲ, ಕಾಲುವೆ, ನಿಂಬೆ ಕಿತ್ತಳೆ ತೋಟ. ಇಲ್ಲಿ ನೀರು ಬಂದರೆ ಬೇಗ ಇಳಿಯಲ್ಲ. 1879ರ ಅಕ್ಟೋಬರ್‌ನ ‘ಸಾಂತಾ ತೆರೆಸಾ’ ಪ್ರವಾಹದ ಮಾತು ಒರಿವೆಲಾ ಊರಲ್ಲಿ ಇವತ್ತಿಗೂ ಇದೆ. 2019ರ ಸೆಪ್ಟೆಂಬರ್ 13ರಂದು ಅಲ್ಮೊರಾದಿ ಹತ್ತಿರ ನದಿಯ ಒಡ್ಡು ಒಡೆದು ಸುತ್ತಲಿನ ಊರು ತೋಟಗಳಿಗೆ ನೀರು ನುಗ್ಗಿತು. ಇಲ್ಲೊಂದು ಗೊಂದಲವೂ ಆಗುತ್ತದೆ. ‘ಒರಿವೆಲಾ’ ಬೇರೆ, ‘ಒರಿವೆಲಾ ಕೋಸ್ಟಾ’ ಬೇರೆ. ಮೊದಲನೆಯದು ನದಿ ದಡದ ಹಳೇ ಊರು, ಎರಡನೆಯದು ಸಮುದ್ರದ ಪಕ್ಕದ ಹೊಸ ಬಡಾವಣೆಗಳು. ಪುರಸಭೆ ಒಂದೇ, ನೀರಿನ ಲೆಕ್ಕ ಒಂದೇ ಅಲ್ಲ. ಹಾಗಾಗಿ ಊರಿನ ಹೆಸರು ಕೇಳಿ ಹೆದರುವುದೂ ಬೇಡ, ಧೈರ್ಯ ತಂದುಕೊಳ್ಳುವುದೂ ಬೇಡ. ನೋಡಬೇಕಾದ್ದು ಆ ಒಂದು ನಿವೇಶನ.

ಅದಕ್ಕೆ ಮೊದಲು ಏಜೆಂಟ್ ಹತ್ತಿರ ‘ರೆಫರೆನ್ಸಿಯಾ ಕತಾಸ್ತ್ರಾಲ್’ ಕೇಳಿ. ಆಸ್ತಿಗೆ ಸರ್ಕಾರದ ದಾಖಲೆಯಲ್ಲಿ ಇರುವ 20 ಅಕ್ಷರ-ಅಂಕಿಗಳ ಗುರುತು ಅದು. ಕೊಡಲು ಹಿಂದೆಮುಂದೆ ನೋಡಿದರೆ ಅಲ್ಲೇ ಒಂದು ಉತ್ತರ ಸಿಕ್ಕಿತು ಅನ್ನಿ. ಕತಾಸ್ತ್ರೊ, ಅಂದರೆ ಸರ್ಕಾರದ ಆಸ್ತಿ ದಾಖಲೆಯ ವೆಬ್‌ಸೈಟ್‌ನಲ್ಲಿ ಅದನ್ನು ಹಾಕಿದರೆ ನಿವೇಶನದ ನಕ್ಷೆ ಉಚಿತವಾಗಿ ಬರುತ್ತದೆ. ಆಮೇಲೆ ಪರಿಸರ ಸಚಿವಾಲಯದ ರಾಷ್ಟ್ರೀಯ ಪ್ರವಾಹ ನಕ್ಷೆ ತೆರೆಯಿರಿ. ಅದರ ಸ್ಪ್ಯಾನಿಷ್ ಹೆಸರಿನ ಗಿಡ್ಡ ರೂಪ ‘ಎಸ್‌ಎನ್‌ಸಿಝಡ್‌ಐ’. ಅದರಲ್ಲಿ 10, 50, 100, 500 ವರ್ಷ ಎಂದು ಬೇರೆ ಬೇರೆ ಪದರ ಇವೆ.

ಈ ‘100 ವರ್ಷ’ ಅನ್ನುವ ಮಾತು ಎಲ್ಲರಿಗೂ ಮೋಸ ಮಾಡುತ್ತದೆ. ನೂರು ವರ್ಷಕ್ಕೊಮ್ಮೆ ಬರುತ್ತೆ, ನಮ್ಮ ಕಾಲಕ್ಕೇನೂ ಇಲ್ಲ ಅಂತ ಸುಮ್ನೆ ಇರುತ್ತಾರೆ. ನಿಜಕ್ಕೂ ಅದರ ಅರ್ಥ ಪ್ರತಿ ವರ್ಷವೂ ನೂರರಲ್ಲಿ ಒಂದು ಪಾಲು ಸಾಧ್ಯತೆ ಅಂತ. ನೀವು ಆ ಮನೆಯಲ್ಲಿ 25 ವರ್ಷ ಇದ್ದರೆ ಒಮ್ಮೆಯಾದರೂ ನೀರು ನೋಡುವ ಸಾಧ್ಯತೆ ಶೇ. 22. ಐದರಲ್ಲಿ ಒಂದಕ್ಕಿಂತ ಜಾಸ್ತಿ. 10 ವರ್ಷದ ಪದರದಲ್ಲಿ ಮನೆ ಇದ್ದರೆ ಅದೇ ಲೆಕ್ಕ ಶೇ. 90 ದಾಟುತ್ತದೆ. 500 ವರ್ಷದ ಪದರ ಮಾತ್ರ ಆದರೆ ಸುಮಾರು ಶೇ. 5.

ನನ್ನ ತೀರ್ಮಾನ ಕೇಳಿದರೆ: 10 ಅಥವಾ 50ರ ಪದರದಲ್ಲಿದ್ದರೆ ಅಲ್ಲಿಗೇ ಕೈಬಿಡಿ. 100ರಲ್ಲಿದ್ದರೆ ನೆಲಮಹಡಿ ಬೇಡ. ಮಂಡಿನೋವು ಇರುವವರು ನೀರು ಬಂದ ರಾತ್ರಿ ಎಲ್ಲಿಗೆ ಹತ್ತುತ್ತಾರೆ? ಅದೇ ಊರಲ್ಲಿ ಲಿಫ್ಟ್ ಇರುವ ಕಟ್ಟಡದ ಮೊದಲ ಅಥವಾ ಎರಡನೇ ಮಹಡಿ ನೋಡಬಹುದು. ಲಿಫ್ಟ್ ಕೆಡಬಹುದು, ಎರಡು ದಿನ ಮನೆಯೊಳಗೇ ಕೂರಬೇಕಾಗಬಹುದು, ಆದರೆ ಜೀವಕ್ಕೆ ಭಯವಿಲ್ಲ. ನಿಂಬೆ ಗಿಡವನ್ನು ಬಾಲ್ಕನಿಯ ಕುಂಡದಲ್ಲಿ ಬೆಳೆಸಿ.

ವೆಲೆನ್ಸಿಯಾ ಪ್ರದೇಶಕ್ಕೆ ಇನ್ನೊಂದು ನಕ್ಷೆ ಇದೆ, ಹೆಸರು ‘ಪಾಟ್ರಿಕೋವಾ’. ಅಲಿಕಾಂಟೆಯೂ ಅದರೊಳಗೇ ಬರುತ್ತದೆ. ಎರಡನ್ನೂ ನೋಡಿ. ಇದರಲ್ಲಿ ಅಪಾಯದ ಆರು ಹಂತಗಳ ಜೊತೆಗೆ ‘ಭೂರೂಪದ ಅಪಾಯ’ ಅನ್ನುವ ಬೇರೆ ಬಣ್ಣ ಒಂದಿದೆ. ಕಂಪ್ಯೂಟರ್ ಲೆಕ್ಕ ಮಾಡಿ ಎಷ್ಟು ಅಡಿ ನೀರು ಅಂತ ಹೇಳಿರುವುದಿಲ್ಲ. ನೆಲದ ಆಕಾರ ನೋಡಿದರೆ ಹಿಂದೆ ಇಲ್ಲಿ ನೀರು ಹರಿದಿದೆ ಅಂತ ಮಾತ್ರ ಗುರುತು ಮಾಡಿರುತ್ತಾರೆ. ಏಜೆಂಟರು ‘ಅದೇನೂ ಲೆಕ್ಕಕ್ಕಿಲ್ಲ’ ಅನ್ನುತ್ತಾರೆ. ನಾನು ಲೆಕ್ಕಕ್ಕೆ ಇಟ್ಟುಕೊಳ್ಳುತ್ತೇನೆ. ನಕ್ಷೆಯಲ್ಲಿ ಬಣ್ಣವಿಲ್ಲ ಅಂದರೆ ಅಪಾಯವಿಲ್ಲ ಅಂತಲೂ ಅಲ್ಲ. ಎಷ್ಟೋ ಸಣ್ಣ ಹಳ್ಳಗಳನ್ನು ಯಾರೂ ಲೆಕ್ಕ ಹಾಕಿಯೇ ಇಲ್ಲ.

ಅದಕ್ಕೇ ನಾನು ಹಳೆಯ ಫೋಟೋ ನೋಡುತ್ತೇನೆ. 1956-57ರಲ್ಲಿ ಅಮೆರಿಕದ ವಿಮಾನಗಳು ಸ್ಪೇನ್ ಪೂರ್ತಿ ಮೇಲಿನಿಂದ ಫೋಟೋ ತೆಗೆದಿವೆ. ಸರ್ಕಾರದ ಭೂಪಟ ಸಂಸ್ಥೆಯ ಜಾಲತಾಣದಲ್ಲಿ ಅವು ಉಚಿತ. ಆಗಿನ್ನೂ ಪ್ರವಾಸಿಗರ ಬಡಾವಣೆಗಳು ಎದ್ದಿರಲಿಲ್ಲ. ನೀವು ನೋಡಿದ ಮನೆಯ ಜಾಗದಲ್ಲಿ ಬಿಳಿ ಮರಳಿನ ಪಟ್ಟಿ ಹಾವಿನ ಹಾಗೆ ಹೊರಳಿದ್ದರೆ ಅದು ಹಳ್ಳ. ಮೇಲೆ ಟೈಲ್ಸ್ ಹಾಕಿದ ಮಾತ್ರಕ್ಕೆ ನೀರು ದಾರಿ ಮರೆಯಲ್ಲ. ಗೂಗಲ್ ಸ್ಟ್ರೀಟ್ ವ್ಯೂನಲ್ಲೂ ಹಿಂದಿನ ವರ್ಷಗಳ ಚಿತ್ರ ಸಿಗುತ್ತವೆ. 2019ರ ಕೊನೆಯದು ಸಿಕ್ಕರೆ ಗೋಡೆಯ ಮೇಲಿನ ಕೆಸರಿನ ಗೆರೆ ಹುಡುಕಿ.

ನಕ್ಷೆ ನೋಡಿ ಮುಗಿದ ಮೇಲೆ ಕಾಲ್ನಡಿಗೆ. ಕೆಲವು ವರ್ಷದ ಹಿಂದೆ ಒಂದು ದಂಪತಿ ಜೊತೆ ಮುರ್ಸಿಯಾ ಕರಾವಳಿಯ ಲೊಸ್ ಅಲ್ಕಾಸರೆಸ್‌ಗೆ ಹೋಗಿದ್ದೆ. 2019ರ ಸೆಪ್ಟೆಂಬರ್, ಡಿಸೆಂಬರ್, ಮತ್ತೆ 2020ರ ಜನವರಿ, ಹೀಗೆ ಕೆಲವೇ ತಿಂಗಳಲ್ಲಿ ಆ ಊರಿಗೆ ಮತ್ತೆ ಮತ್ತೆ ನೀರು ನುಗ್ಗಿತ್ತು. ಮನೆ ಚೆಂದವಿತ್ತು. ಆದರೆ ಒಳಗೋಡೆಯಲ್ಲಿ ಮೊಣಕಾಲೆತ್ತರದ ತನಕ ಬಣ್ಣ ಒಂದು ಥರ, ಮೇಲೆ ಇನ್ನೊಂದು ಥರ. ಬೆರಳಿನಿಂದ ತಟ್ಟಿದರೆ ಕೆಳಗಿನ ಗಾರೆ ಬೇರೆ ಸದ್ದು ಕೊಡುತ್ತಿತ್ತು. ಅಡುಗೆಮನೆಯ ಪ್ಲಗ್ ಪಾಯಿಂಟ್‌ಗಳೆಲ್ಲ ಎದೆ ಎತ್ತರಕ್ಕೆ ಹೋಗಿದ್ದವು. ‘ಇದು ಹೊಸ ಡಿಸೈನ್’ ಅಂದರು ಮನೆ ತೋರಿಸಿದವರು. ಹೊರಗೆ ಬಂದು ಆ ಸಾಲಿನ ಬಾಗಿಲುಗಳನ್ನು ನೋಡಿದೆ. ಹಲವು ಮನೆಗಳ ಚೌಕಟ್ಟಿನ ಎರಡೂ ಪಕ್ಕ ಅಲ್ಯೂಮಿನಿಯಂ ಪಟ್ಟಿ, ನಡುವೆ ಬೆರಳು ತೂರುವಷ್ಟು ಸಂದು. ಮಳೆ ಬಂದಾಗ ಆ ಸಂದಿಗೆ ಹಲಗೆ ಇಳಿಸಿ ನೀರು ತಡೆಯುವ ಏರ್ಪಾಡು. ಪಕ್ಕದ ಮನೆಯ ಅಜ್ಜಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ನನಗೆ ಅಲ್ಪಸ್ವಲ್ಪ ಸ್ಪ್ಯಾನಿಷ್. ‘ಆಗ್ವಾ?’ ಅಂತ ಕೇಳಿದೆ, ನೀರು ಅಂತ ಅರ್ಥ. ಅಜ್ಜಿ ಮಾತಾಡಲಿಲ್ಲ. ಕೈಯನ್ನು ಸೊಂಟದ ಹತ್ತಿರ ಅಡ್ಡ ಹಿಡಿದು ತೋರಿಸಿದರು.

ಆ ದಂಪತಿ ಅವತ್ತೇ ಮನಸ್ಸು ಬದಲಿಸಿದರು. ನೀವೂ ಏಜೆಂಟ್ ಇಲ್ಲದ ಹೊತ್ತಲ್ಲಿ ಆ ಬೀದಿಗೆ ಹೋಗಿ, ಎದುರಿನ ಬಾರ್‌ನಲ್ಲಿ ಒಂದು ಕಾಫಿ ಕುಡಿಯಿರಿ, ಅಕ್ಕಪಕ್ಕದವರನ್ನು ಕೇಳಿ. ಮೋರಿಗಳು ಎಲ್ಲಿಗೆ ಹೋಗುತ್ತವೆ, ಬೀದಿ ಯಾವ ಕಡೆ ಇಳಿಜಾರು, ರೈಲು ಹಳಿಯ ಅಥವಾ ಹೈವೇಯ ಏರಿ ನೀರನ್ನು ನಿಮ್ಮ ಕಡೆಗೇ ತಡೆದು ನಿಲ್ಲಿಸುತ್ತಾ ಅಂತ ನೋಡಿ. ಸಾಧ್ಯವಾದರೆ ಹೋಗುವುದನ್ನು ಸೆಪ್ಟೆಂಬರ್-ನವೆಂಬರ್‌ಗೆ ಇಟ್ಟುಕೊಳ್ಳಿ. ಆ ಕರಾವಳಿಯ ದೊಡ್ಡ ಮಳೆಗಳು ಬರೋದು ಆಗಲೇ. ಮೇ ತಿಂಗಳಲ್ಲಿ ನೋಡಿದರೆ ಎಲ್ಲ ಊರೂ ಚೆಂದ.

ಇನ್ಶೂರೆನ್ಸ್ ಬಗ್ಗೆ ಒಂದು ಎಚ್ಚರಿಕೆ. ಇಂಗ್ಲೆಂಡಿನಲ್ಲಿ ಪ್ರೀಮಿಯಂ ನೋಡಿ ಅಪಾಯ ಊಹಿಸಬಹುದು. ಸ್ಪೇನ್‌ನಲ್ಲಿ ಆಗಲ್ಲ. ಅಲ್ಲಿ ಪ್ರವಾಹದ ನಷ್ಟ ಕೊಡೋದು ‘ಕೊನ್ಸೋರ್ಸಿಯೊ’ ಅನ್ನುವ ಸರ್ಕಾರಿ ಸಂಸ್ಥೆ. ನಿಮ್ಮ ಮನೆ ಪಾಲಿಸಿಯ ಜೊತೆಗೇ ಅದರ ಸಣ್ಣ ವಂತಿಗೆ ಸೇರಿರುತ್ತದೆ. ನದಿ ದಡದವರಿಗೂ ಗುಡ್ಡದ ಮೇಲಿನವರಿಗೂ ದರ ಒಂದೇ. ಹಾಗಾಗಿ ಪಾಲಿಸಿ ಅಗ್ಗಕ್ಕೆ ಸಿಕ್ಕಿತು ಅಂದರೆ ಜಾಗ ಒಳ್ಳೆಯದು ಅಂತಲ್ಲ. ವ್ಯವಸ್ಥೆ ಒಳ್ಳೆಯದೇ, ಆದರೆ ಮೂರು ವಿಷಯ ನೆನಪಿಡಿ. ಖಾಸಗಿ ಪಾಲಿಸಿ ಇಲ್ಲದವರಿಗೆ ಕೊನ್ಸೋರ್ಸಿಯೊ ಪರಿಹಾರವಿಲ್ಲ. ಪಾಲಿಸಿ ಮಾಡಿಸಿದ ಮೊದಲ 7 ದಿನ ರಕ್ಷಣೆ ಇಲ್ಲ, ಹಾಗಾಗಿ ಮಳೆಯ ಮುನ್ಸೂಚನೆ ನೋಡಿ ಓಡುವ ಹಾಗಿಲ್ಲ. ಮತ್ತೆ, ಸಾಮಾನಿನ ಬೆಲೆ ಕಡಿಮೆ ಬರೆಸಿದರೆ ಪರಿಹಾರವೂ ಅದೇ ಲೆಕ್ಕದಲ್ಲಿ ಕಡಿಮೆ.

ಈಗ ವಕೀಲರು. ಸ್ಪೇನ್‌ನಲ್ಲಿ ವಕೀಲರಿಗೆ ‘ಅಬೊಗಾದೊ’ ಅನ್ನುತ್ತಾರೆ. ‘ಹೆಸ್ತೋರ್’ ಅಂತ ಇನ್ನೊಬ್ಬರು ಸಿಗುತ್ತಾರೆ. ಅವರು ತೆರಿಗೆ, ಅರ್ಜಿ ಇಂಥ ಕಾಗದದ ಕೆಲಸ ಮಾಡಿಕೊಡುವವರು, ವಕೀಲರಲ್ಲ. ಪ್ರತಿ ಅಬೊಗಾದೊಗೂ ಅವರ ವಕೀಲರ ಸಂಘದ ಸದಸ್ಯತ್ವ ಸಂಖ್ಯೆ ಇರುತ್ತದೆ, ಅದನ್ನು ಆನ್‌ಲೈನ್‌ನಲ್ಲಿ ತಾಳೆ ನೋಡಬಹುದು. ಇಂಗ್ಲಿಷ್ ಬಲ್ಲ ವಕೀಲರ ಪಟ್ಟಿಯನ್ನು ಬ್ರಿಟಿಷ್ ಸರ್ಕಾರವೇ ತನ್ನ ಜಾಲತಾಣದಲ್ಲಿ ಇಟ್ಟಿದೆ. ಅದು ಶಿಫಾರಸು ಅಲ್ಲ, ಹುಡುಕಲು ಒಂದು ಶುರು. ಫೀಸು ಸಾಮಾನ್ಯವಾಗಿ ಬೆಲೆಯ ಶೇ. 1ರ ಆಸುಪಾಸು, ಮೇಲೆ ಶೇ. 21 ವ್ಯಾಟ್. ನಿಮ್ಮ ಲೆಕ್ಕಕ್ಕೆ 2,000 ಯೂರೋ ಹತ್ತಿರ. ವರ್ಗಾವಣೆ ತೆರಿಗೆಗೆ 14-16 ಸಾವಿರ ಕೊಡುವವರು ಇಲ್ಲಿ ಉಳಿಸಲು ಹೋಗಬೇಡಿ.

ವಕೀಲರು ಮೊದಲು ತರಿಸುವುದು ‘ನೋಟಾ ಸಿಂಪ್ಲೆ’. ಹೆಚ್ಚುಕಡಿಮೆ ನಮ್ಮ ಇಸಿ ಇದ್ದ ಹಾಗೆ. ಮಾಲೀಕರು ಯಾರು, ಅಡಮಾನ ಇದೆಯಾ, ಜಪ್ತಿ ಇದೆಯಾ ಅಂತ ಅದರಲ್ಲಿ ಬರುತ್ತದೆ. ಸುಮಾರು 10 ಯೂರೋ ಕೊಟ್ಟು ನೀವೇ ತರಿಸಬಹುದು. ಇದನ್ನು ಕತಾಸ್ತ್ರೊ ದಾಖಲೆ ಜೊತೆ ತಾಳೆ ಹಾಕಬೇಕು. ನಮ್ಮಲ್ಲಿ ಕ್ರಯಪತ್ರದ ಅಳತೆ ಒಂದು, ಖಾತೆಯ ಅಳತೆ ಇನ್ನೊಂದು ಇರುತ್ತದಲ್ಲ, ಅಲ್ಲಿಯೂ ಅದೇ ತಲೆನೋವು. ಆಮೇಲೆ ಕಟ್ಟಿದ ಕೋಣೆ, ಮುಚ್ಚಿದ ವರಾಂಡ, ಈಜುಕೊಳ ದಾಖಲೆಯಲ್ಲೇ ಇರಲ್ಲ. ಹಳ್ಳ ಅಥವಾ ನದಿಯಿಂದ 100 ಮೀಟರ್ ಒಳಗೆ ಏನೇ ಕಟ್ಟಲೂ ಆ ನದಿಯ ಪ್ರಾಧಿಕಾರದ ಅನುಮತಿ ಬೇಕು. ನಿಮ್ಮ ಮನೆಗೆ ಅದು ಸೆಗುರಾ ಪ್ರಾಧಿಕಾರ. ಅಂಗಳದ ಚಾವಣಿಗೆ ಆ ಕಾಗದ ಇದೆಯಾ ಕೇಳಿ.

ಪುರಸಭೆಯಿಂದ ನಿವೇಶನದ ವರ್ಗ ತಿಳಿಸುವ ಪತ್ರವನ್ನೂ ತರಿಸಲಿ. ಕಟ್ಟಲು ಯೋಗ್ಯ ನೆಲವಾ, ಕೃಷಿ ನೆಲವಾ ಅನ್ನುವುದು ಅದರಲ್ಲಿರುತ್ತದೆ. ಆಲ್ಮೆರಿಯಾ ಪ್ರಾಂತ್ಯದ ವೇರಾದಲ್ಲಿ 2008ರ ಜನವರಿಯಲ್ಲಿ ನಿವೃತ್ತ ಬ್ರಿಟಿಷ್ ದಂಪತಿಯೊಬ್ಬರ ಮನೆಯನ್ನು ಕೆಡವಿದರು. ಪುರಸಭೆ ಪರವಾನಗಿ ಕೊಟ್ಟಿತ್ತು, ಪ್ರಾದೇಶಿಕ ಸರ್ಕಾರ ಅದನ್ನು ಒಪ್ಪಲಿಲ್ಲ. ಪರವಾನಗಿ ಇದೆ ಅನ್ನುವುದಷ್ಟೇ ಸಾಲದು, ಅದು ಯಾವ ನೆಲಕ್ಕೆ ಕೊಟ್ಟದ್ದು ಅಂತ ವಕೀಲರು ನೋಡಬೇಕು.

ಉಳಿದದ್ದು ಬೇಗ ಹೇಳುತ್ತೇನೆ. ಹಿಂದಿನವರು ಕಟ್ಟಡದ ಸಂಘಕ್ಕೆ ಬಾಕಿ ಉಳಿಸಿದ್ದರೆ ಈ ವರ್ಷದ್ದೂ ಹಿಂದಿನ ಮೂರು ವರ್ಷದ್ದೂ ಮನೆಯ ಜೊತೆಗೇ ನಿಮ್ಮ ತಲೆಗೆ ಬರುತ್ತದೆ. ಬಾಕಿ ಇಲ್ಲವೆಂಬ ಪತ್ರ ಕೇಳಿ. ಸಂಘದ ಸಭೆಯ ನಡಾವಳಿಯನ್ನೂ ಕೇಳಿ, ‘ಗ್ಯಾರೇಜಿನ ಪಂಪು ರಿಪೇರಿ’ ಅಂತ ಮೂರು ಸಲ ಬಂದಿದ್ದರೆ ನೀರಿನ ಸುದ್ದಿ ಅಲ್ಲೇ ಇದೆ. ಮಾರುವವರು ಸ್ಪೇನ್‌ನ ನಿವಾಸಿ ಅಲ್ಲದಿದ್ದರೆ ಬೆಲೆಯಲ್ಲಿ ಶೇ. 3 ಹಿಡಿದು ನೀವೇ ತೆರಿಗೆ ಇಲಾಖೆಗೆ ಒಂದು ತಿಂಗಳೊಳಗೆ ಕಟ್ಟಬೇಕು. ಕೊಂಡ ಮೇಲೆ ಮುಚ್ಚಿಟ್ಟ ದೋಷ ಕಂಡರೆ ದಾವೆಗೆ ಇರುವುದು 6 ತಿಂಗಳು ಮಾತ್ರ.

ಮುಂಗಡದ ಒಪ್ಪಂದಕ್ಕೆ ‘ಆರಾಸ್’ ಅನ್ನುತ್ತಾರೆ. ಸಾಮಾನ್ಯ ರೂಪದಲ್ಲಿ ನೀವು ಹಿಂದೆ ಸರಿದರೆ ಕೊಟ್ಟ ಹಣ ಹೋಯಿತು, ಮಾರುವವರು ಹಿಂದೆ ಸರಿದರೆ ಎರಡರಷ್ಟು ವಾಪಸ್ ಕೊಡಬೇಕು. ನಿಮಗೆ ಅದು 16,000 ಯೂರೋ ಪ್ರಶ್ನೆ. ಆದ್ದರಿಂದ ಒಂದು ಷರತ್ತು ಸೇರಿಸಲು ವಕೀಲರಿಗೆ ಹೇಳಿ: ಮನೆ 100 ವರ್ಷದ ಪ್ರವಾಹ ವಲಯದಲ್ಲಿದೆ ಎಂದಾಗಲಿ, ಕಟ್ಟಿದ್ದಕ್ಕೆ ಪರವಾನಗಿ ಇಲ್ಲ ಎಂದಾಗಲಿ ತಿಳಿದರೆ ಮುಂಗಡ ಪೂರ್ತಿ ವಾಪಸ್. ಜೊತೆಗೆ, ತಮ್ಮ ಕಾಲದಲ್ಲಿ ನೀರು ಬಂದಿತ್ತೇ, ವಿಮೆ ಪರಿಹಾರ ಪಡೆದಿದ್ದರೇ ಅಂತ ಮಾರುವವರು ಸಹಿ ಮಾಡಿ ಹೇಳಬೇಕು. ಸತ್ಯವಂತರು ಇದಕ್ಕೆ ಬೇಸರ ಮಾಡಿಕೊಳ್ಳಲ್ಲ. ನೀವು ಲೆಸ್ಟರ್‌ನಿಂದಲೇ ವಕೀಲರಿಗೆ ಅಧಿಕಾರ ಪತ್ರ ಕೊಡುವುದಾದರೆ, ನಿಮ್ಮ ಲಿಖಿತ ಒಪ್ಪಿಗೆ ಇಲ್ಲದೆ ಕ್ರಯಕ್ಕೆ ಸಹಿ ಮಾಡುವಂತಿಲ್ಲ ಅಂತ ಅದರಲ್ಲೇ ಬರೆಸಿ.

ಇನ್ನೆರಡು ಮಾತು, ನೀವು ಕೇಳದಿದ್ದರೂ. ಬ್ರಿಟಿಷ್ ಪಾಸ್‌ಪೋರ್ಟ್‌ನಲ್ಲಿ ವೀಸಾ ಇಲ್ಲದೆ ಇರಬಹುದಾದ್ದು 180 ದಿನಗಳಲ್ಲಿ 90 ದಿನ ಮಾತ್ರ. ಮನೆ ಕೊಂಡರೆ ವಾಸದ ಹಕ್ಕು ಬರಲ್ಲ, ಹೂಡಿಕೆದಾರರ ‘ಗೋಲ್ಡನ್ ವೀಸಾ’ 2025ರ ಏಪ್ರಿಲ್‌ನಲ್ಲೇ ನಿಂತಿದೆ. ಪೂರ್ತಿ ಅಲ್ಲೇ ಇರುವುದಾದರೆ ಅಲ್ಲಿ ಕೆಲಸ ಮಾಡದೆ ನೆಲೆಸುವವರ ವೀಸಾಕ್ಕೆ ಮೊದಲು ವಿಚಾರಿಸಿ. ಮತ್ತೆ, ಸ್ಪೇನ್‌ನ ಕಾನೂನು ಆಸ್ತಿಯಲ್ಲಿ ಮಕ್ಕಳಿಗೆ ಕಡ್ಡಾಯ ಪಾಲು ಇಡುತ್ತದೆ. ಒಬ್ಬರ ನಂತರ ಇನ್ನೊಬ್ಬರಿಗೇ ಮನೆ ಸೇರಬೇಕು ಅಂತಿದ್ದರೆ ಅಲ್ಲೊಂದು ವಿಲ್ ಮಾಡಿಸಿ. ನಿಮ್ಮ ರಾಷ್ಟ್ರೀಯತೆಯ ಕಾನೂನೇ ಅನ್ವಯಿಸಲಿ ಅಂತ ಅದರಲ್ಲಿ ಆರಿಸಿಕೊಳ್ಳಬಹುದು.

ಇವತ್ತು ಏಜೆಂಟ್‌ಗೆ ಎರಡೇ ಸಾಲು ಬರೆಯಿರಿ: ‘ಕತಾಸ್ತ್ರಾಲ್ ಸಂಖ್ಯೆ ಕಳಿಸಿ. ನಮ್ಮ ವಕೀಲರು ನೋಡಿ ಮುಗಿಸುವ ತನಕ ಮುಂಗಡ ಕೊಡಲ್ಲ.’ ‘ಬೇರೆ ಗಿರಾಕಿ ಕಾಯ್ತಿದ್ದಾರೆ’ ಅಂತ ಉತ್ತರ ಬರುತ್ತದೆ. ಬರಲಿ.